ನಡುಗಡ್ಡೆಯಲ್ಲಿ ಉಳಿದವರು

ಮದುವೆಯಾಗಿ ಮೂರನೇ ವರ್ಷ ನಡೆಯುತ್ತಿದ್ದರೂ ತನ್ನ ಹೆಂಡತಿಗೆ ಹಾಡಲು ಬರುತ್ತದೆ ಅನ್ನುವುದು ರೇಣುಕಾಪ್ರಸಾದನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಮಧ್ಯಾಹ್ನ, ಅಂಗಡಿಯ ಅರ್ಧ ಬಾಗಿಲು ಎಳೆದು ಊಟಕ್ಕೆ ಮನೆಗೆ ಬಂದಾಗ. ಮಹಡಿ ಮೇಲಿನ ಕೋಣೆಯಿಂದ ಹೆಂಗಸಿನ ದನಿಯೊಂದು ಇಳಿದು ಬರುತ್ತಿತ್ತು. ರೇಡಿಯೋ ಇರಬೇಕು ಅಂದುಕೊಂಡ. ಆದರೆ ಹಿಂದೆ ತಬಲ ಇಲ್ಲ, ಪೇಟಿ ಇಲ್ಲ. ಬರೀ ದನಿ. ನಡುನಡುವೆ ಮೊರದಲ್ಲಿ ಕಾಳು ಕೇರುವ ಸಪ್ಪಳ.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ. ಚಾಪೆಯ ಮೇಲೆ ಐನೋ ಕೂತಿದ್ದಳು. ಅವಳ ಮೊಣಕಾಲಿನ ಹತ್ತಿರ ಸಣ್ಣದೊಂದು ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ ಸೌಂದರ್ಯ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದಳು.

"ಯಾರದು ಹಾಡು?" ಅಂದ.

"ನಂದೇ ರೀ," ಅಂದಳು ಸೌಂದರ್ಯ. "ಕೇಳೋಕೆ ಒಂಥರಾ ನಾಚಿಕೆ ಆಗತ್ತೆ."

"ನಿಂಗೆ ಹಾಡು ಬರ್ತೈತಿ ಅಂತ ನನಗೆ ಒಂದಿನಾನೂ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

ಅವಳು ದೂರಿನ ದನಿಯಲ್ಲೇನೂ ಹೇಳಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಹೇಳುವ ಹಾಗೆ ಹೇಳಿದಳು. ಅದೇ ಅವನಿಗೆ ಚುಚ್ಚಿತು. ಊಟಕ್ಕೆ ಕೂತಾಗ ಎರಡನೇ ರೊಟ್ಟಿ ಬೇಡವೆಂದು ಎದ್ದುಬಿಟ್ಟ.

ಐನೋ ಫಿನ್‌ಲ್ಯಾಂಡಿನ ಹುಡುಗಿ. ಒಂದು ವರ್ಷದ ಓದಿಗೆಂದು ಮೈಸೂರಿಗೆ ಬಂದು, ಅಲ್ಲಿ ಕನ್ನಡ ಕಲಿತು, ಹೆಂಗಸರು ಕೆಲಸ ಮಾಡುತ್ತ ಹಾಡುವ ಹಾಡುಗಳ ಮೇಲೆ ಪ್ರಬಂಧ ಬರೆಯಲು ಶಿಕಾರಿಪುರಕ್ಕೆ ಬಂದಿದ್ದಳು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾಗೇಶ್ ಮೇಷ್ಟ್ರು ಒಂದು ಸಂಜೆ ಅವಳನ್ನು ಕರೆದುಕೊಂಡು ನೇರ ಪ್ರಸಾದನ ಗೊಬ್ಬರದ ಅಂಗಡಿಗೇ ಬಂದಿದ್ದರು. "ಒಳ್ಳೆ ಮನೆ ಬೇಕು ಪ್ರಸಾದ್, ನಿಮ್ಮ ಮಹಡಿ ಖಾಲಿ ಐತಲ್ಲ," ಅಂದಾಗ ಅವನಿಗೆ ಹೆಮ್ಮೆಯೇ ಆಗಿತ್ತು. ತೊಂಬತ್ತಾರನೇ ಇಸವಿಯ ಶಿಕಾರಿಪುರದಲ್ಲಿ ಯಾರ ಮನೆಯಲ್ಲಿ ಪರದೇಶದವರು ಇದ್ದರು? ಬೀಜ ಕೊಳ್ಳಲು ಬಂದ ರೈತರು ಕೇಳಲಿ ಬಿಡಲಿ, "ನಮ್ಮನೇಲಿ ಒಬ್ರು ಫಾರಿನ್ನಿನೋರು ಅದಾರೆ" ಅಂತ ತಾನೇ ಮಾತು ತೆಗೆಯುತ್ತಿದ್ದ.

ಅವನ ತಾಯಿ ಬಸವಣ್ಣೆಮ್ಮನಿಗೆ ಆ ಹೆಸರೇ ಕಷ್ಟವಾಗಿತ್ತು. "ಐನೋ ಅಂತ ಕರೆದ್ರೆ ಏನೋ ಅಂತ ಗದರಿಸಿದಂಗ ಆಗ್ತೈತಿ," ಅಂದು ಐನಮ್ಮ ಮಾಡಿಕೊಂಡಿದ್ದಳು. ಹುಡುಗಿಯ ಕನ್ನಡ ಪುಸ್ತಕದ ಕನ್ನಡ. "ತಾಯಿಯವರೇ, ನನಗೆ ಇನ್ನೂ ಸ್ವಲ್ಪ ಸಾರು ಬೇಕಾಗಿದೆ," ಅನ್ನುತ್ತಿದ್ದಳು. ಬಸವಣ್ಣೆಮ್ಮ ನಗುತ್ತ ಎರಡು ಸೌಟು ಹೆಚ್ಚು ಹಾಕುತ್ತಿದ್ದಳು.

ಹೆಮ್ಮೆ ಯಾವಾಗ ಹುಳಿಯಾಯಿತು ಅಂತ ಪ್ರಸಾದನಿಗೇ ಗೊತ್ತಾಗಲಿಲ್ಲ. ಮೊದಲು ಕಿವಿಗೆ ಬಿದ್ದಿದ್ದು ನಗು. ಮಹಡಿ ಮೇಲೆ ಇಬ್ಬರೂ ನಗುತ್ತಿದ್ದರು. ಇವನ ಚಪ್ಪಲಿ ಸಪ್ಪಳ ಅಂಗಳಕ್ಕೆ ಬಂದ ಕೂಡಲೇ ನಿಲ್ಲುತ್ತಿತ್ತು. ಆಮೇಲೆ ಸೈಕಲ್ಲಿನ ವಿಷಯ ಬಂತು. ಸಂತೆ ಮೈದಾನದ ಹಿಂದಿನ ಬಯಲಲ್ಲಿ ಐನೋ ಇವನ ಹೆಂಡತಿಗೆ ಸೈಕಲ್ ಕಲಿಸುತ್ತಿದ್ದಾಳಂತೆ. ಹೇಳಿದವನು ಅಂಗಡಿಗೆ ಬಂದ ಮಲ್ಲೇಶಪ್ಪ. "ನಿಮ್ಮನೆಯೋರು ಚೆನ್ನಾಗಿ ಹೊಡೀತಾರ್ರೀ, ಬ್ಯಾಲೆನ್ಸ್ ಐತಿ," ಅಂದ. ಹೆಂಡತಿ ಸೈಕಲ್ ಹೊಡೆದಳು ಅಂತ ಪ್ರಸಾದನಿಗೆ ಮರ್ಯಾದೆಯ ಪ್ರಶ್ನೆಯೇನೂ ಆಗಲಿಲ್ಲ. ನಾನು ಕಲಿಸಬಹುದಿತ್ತಲ್ಲ, ನನ್ನನ್ನು ಕೇಳಬಹುದಿತ್ತಲ್ಲ, ಅನ್ನಿಸಿತು. ಅವತ್ತೆಲ್ಲ ಹಿಂದಿನಿಂದ ಸೀಟು ಹಿಡಿದು ಓಡುವ ಐನೋಳ ಕೈಯೇ ಕಣ್ಣ ಮುಂದೆ ಬರುತ್ತಿತ್ತು.

ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡಸಾಗಿದ್ದರೆ ಮನೆಯಿಂದ ಆಚೆ ಹಾಕಬಹುದಿತ್ತು, ನಾಲ್ಕು ಜನ ಹೌದೆನ್ನುತ್ತಿದ್ದರು. ಒಬ್ಬ ಹುಡುಗಿ, ಅದೂ ಮನೆಯ ಅತಿಥಿ, ಹೆಂಡತಿಯ ಜೊತೆ ನಗುತ್ತಾಳೆ ಅಂತ ಹೊಟ್ಟೆ ಉರಿಯುತ್ತದೆ ಅಂದರೆ ಕೇಳಿದವರು ನಗುತ್ತಾರೆ. ಹಾಗಾಗಿ ಒಳಗೇ ಇಟ್ಟುಕೊಂಡ. ಇಟ್ಟುಕೊಂಡಷ್ಟೂ ಅದು ಬೆಳೆಯಿತು.

ನಡುಗಡ್ಡೆಯ ಮಾತು ತೆಗೆದವಳು ಐನೋ. ಅವಳ ಊರು ಕೆರೆಗಳ ಊರಂತೆ. ಅವಳ ಅಪ್ಪನಿಗೆ ಕೆರೆ ನಡುವಿನ ದ್ವೀಪದಲ್ಲೊಂದು ಮರದ ಮನೆ ಇದೆಯಂತೆ. ಹೊನ್ನಾವರದ ಹತ್ತಿರ ಸಮುದ್ರದಲ್ಲಿ ತೆಂಗಿನ ಮರಗಳಿರುವ ನಡುಗಡ್ಡೆಯೊಂದಿದೆ, ದೋಣಿಯವರು ಕರೆದುಕೊಂಡು ಹೋಗುತ್ತಾರೆ ಅಂತ ನಾಗೇಶ್ ಮೇಷ್ಟ್ರು ಹೇಳಿದ್ದೇ ತಡ, ಅವಳು ತಲೆಗೆ ಹಚ್ಚಿಕೊಂಡಳು.

"ಶನಿವಾರ ಹೋಗಿ ಭಾನುವಾರ ಬರುತ್ತೇವೆ," ಅಂದಳು ಊಟದ ಹೊತ್ತಿಗೆ. "ಸೌಂದರ್ಯ ಮತ್ತು ನಾನು. ಬಸ್ಸಿನಲ್ಲಿ."

ಸೌಂದರ್ಯ ಗಂಡನ ಮುಖ ನೋಡಿದಳು. ಆ ನೋಟದಲ್ಲಿ ಎಷ್ಟು ಆಸೆ ಇತ್ತೆಂದರೆ ಪ್ರಸಾದನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಅವಳು ಹಾಗೆ ತನ್ನ ಹತ್ತಿರ ಏನನ್ನಾದರೂ ಕೇಳಿದ್ದು ನೆನಪಾಗಲಿಲ್ಲ.

"ಬಸ್ಸ್ಯಾಕೆ? ನಾನೇ ಅಂಗಡಿ ವ್ಯಾನಿನಾಗ ಕರ್ಕೊಂಡು ಹೋಗ್ತೀನಿ," ಅಂದ.

ಇಬ್ಬರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಒಂದು ಕ್ಷಣವನ್ನು ಅವನು ಮರೆಯಲಿಲ್ಲ.

ಶನಿವಾರ ಬೆಳಿಗ್ಗೆ ಹೊರಟರು. ಹೆಂಗಸರಿಬ್ಬರೂ ಹಿಂದೆ ಕೂತರು. ಮುಂದಿನ ಸೀಟಿನಲ್ಲಿ ಬುತ್ತಿಯ ಚೀಲ ಕೂತಿತ್ತು. ಸೊರಬದಲ್ಲಿ ಸೌಂದರ್ಯಳ ತಾಯಿ ಈಶ್ವರಮ್ಮನ ಮನೆಯಲ್ಲಿ ತಿಂಡಿ ತಿಂದು ಸಿದ್ದಾಪುರದ ದಾರಿ ಹಿಡಿದು ಘಾಟಿ ಇಳಿದರು. ಸೌಂದರ್ಯ ದಾರಿಯುದ್ದಕ್ಕೂ ಐನೋಗೆ ಏನೇನೋ ತೋರಿಸುತ್ತಿದ್ದಳು: ತಾನು ಓದಿದ ಶಾಲೆ, ಚಿಕ್ಕಂದಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡ ಮೋರಿ. ಆ ಹಲ್ಲಿನ ಕತೆ ಪ್ರಸಾದನಿಗೂ ಹೊಸದು. ಅವಳ ಮುಂದಿನ ಹಲ್ಲು ಕೊಂಚ ಓರೆಯಾಗಿರುವುದನ್ನು ಅವನು ದಿನವೂ ನೋಡುತ್ತಿದ್ದ. ಹುಟ್ಟಿನಿಂದಲೇ ಹಾಗೆ ಅಂದುಕೊಂಡಿದ್ದ. ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಸುಮ್ಮಸುಮ್ಮನೆ ಹಾರ್ನ್ ಹೊಡೆದ.

ಹೊನ್ನಾವರದ ಲಾಡ್ಜಿನಲ್ಲಿ ಉಳಿದು ಭಾನುವಾರ ಬೆಳಿಗ್ಗೆ ಬಂದರಿಗೆ ಹೋದರು. ಸುಬ್ರಾಯ ಅಂಬಿಗ ಅನ್ನುವ ನಡುವಯಸ್ಸಿನ ದೋಣಿಯವನು ಒಪ್ಪಿಕೊಂಡ. ಬೆಳಿಗ್ಗೆ ಬಿಟ್ಟುಬರುವುದು, ಸಂಜೆ ಹೊತ್ತು ಮುಳುಗುವ ಮೊದಲು ಬಂದು ಕರೆದುಕೊಂಡು ಹೋಗುವುದು ಅಂತ ಮಾತಾಯಿತು. ಶರಾವತಿ ಸಮುದ್ರ ಸೇರುವ ಅಳಿವೆಯ ಬಾಯಿ ದಾಟುವಾಗ ದೋಣಿ ಎದ್ದು ಬಿದ್ದು ಮಾಡಿತು. ಪ್ರಸಾದ ದೋಣಿಯಂಚಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸೌಂದರ್ಯ ಹೆದರಿ ಕೂಗಿದಳು, ಕೂಗಿ ನಕ್ಕಳು.

ನಡುಗಡ್ಡೆ ಹತ್ತಿರ ಬಂದಾಗ ಅದರ ಕೆಂಪು ಕಲ್ಲು, ಮೇಲೆ ಸಾಲಾಗಿ ನಿಂತ ತೆಂಗು, ಕೆಳಗೆ ಒಂದು ಬೊಗಸೆಯಷ್ಟು ಮರಳು ಕಾಣಿಸಿತು. ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಮೊದಲು ಹಾರಿದವಳು ಐನೋ. ಆಮೇಲೆ ಪ್ರಸಾದ ಇಳಿದು, ಮೊಣಕಾಲುದ್ದ ನೀರಲ್ಲಿ ನಿಂತು ಹೆಂಡತಿಗೆ ಕೈ ಚಾಚಿದ. ಅದೇ ಹೊತ್ತಿಗೆ ಐನೋ ಕೂಡ ಕೈ ಚಾಚಿದಳು. ಸೌಂದರ್ಯ ಯಾರ ಮುಖವನ್ನೂ ನೋಡಲಿಲ್ಲ. ಸೀರೆ ನೆರಿಗೆ ಎತ್ತಿ ಹಿಡಿದಿದ್ದವಳು ಹತ್ತಿರ ಕಂಡ ಕೈ ಹಿಡಿದು ಇಳಿದಳು. ಅದು ಐನೋಳ ಕೈ.

ಪ್ರಸಾದನ ಕೈ ಗಾಳಿಯಲ್ಲೇ ಉಳಿಯಿತು. ದೋಣಿಯಲ್ಲಿ ಕೂತಿದ್ದ ಸುಬ್ರಾಯ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಆ ತಿರುಗಿಸಿದ್ದೇ ಪ್ರಸಾದನಿಗೆ ತಡೆಯಲಾಗಲಿಲ್ಲ. ಹೆಂಗಸರು ಮರಳಿಗೆ ಹತ್ತಿದ ಮೇಲೆ ದೋಣಿಯ ಹತ್ತಿರ ಬಗ್ಗಿ ಹೇಳಿದ:

"ಸಂಜೆ ಬೇಡ. ಮಧ್ಯಾಹ್ನಕ್ಕೇ ಬಾ. ಗಾಳಿ ಏಳ್ತೈತಿ, ಈಗಲೇ ಹೋಗಬೇಕು ಅಂತ ಹೇಳು."

"ಗಾಳಿ ಎಲ್ಲಿ ಅದೆ, ಒಡೆಯಾ?" ಅಂದ ಸುಬ್ರಾಯ.

"ಇಲ್ಲ ಅಂತ ನಂಗೂ ಗೊತ್ತು. ಹೇಳು ಅಷ್ಟೆ."

ಸುಬ್ರಾಯ ಗಂಡ ಹೆಂಡಿರ ವಿಷಯ ಅಂತ ತಲೆಯಾಡಿಸಿ ಹೋದ.

ಆ ಬೆಳಗನ್ನು ಪ್ರಸಾದ ತೆಂಗಿನ ಮರದ ನೆರಳಲ್ಲಿ ಬುತ್ತಿ ಕಾಯುತ್ತ ಕಳೆದ. ಸೌಂದರ್ಯ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ ಮರಳಲ್ಲಿ ಓಡಿದಳು. ಅವಳು ಓಡುವುದನ್ನು ಅವನು ನೋಡಿಯೇ ಇರಲಿಲ್ಲ. ಒಂದೊಂದು ತೆರೆ ಬಂದಾಗಲೂ ಹಿಂದೆ ಓಡುವುದು, ತೆರೆ ಹೋದಾಗ ಅದರ ಬೆನ್ನು ಹತ್ತುವುದು. ಐನೋ ಮೀನಿನ ಹಾಗೆ ದೂರ ಈಜಿ ಹೋಗಿ ಅಲ್ಲಿಂದ ಕೈ ಬೀಸುತ್ತಿದ್ದಳು. ಒಮ್ಮೆ ಸೌಂದರ್ಯ ಇವನ ಕಡೆಗೂ ಓಡಿ ಬಂದಳು. ಮುಖವೆಲ್ಲ ನೀರು, ಕೂದಲೆಲ್ಲ ಮರಳು.

"ಬರ್ರಿ ರೀ, ನೀವೂ ಬರ್ರಿ! ನೀರು ಬೆಚ್ಚಗಿದೆ!"

"ನಂಗೆ ಬೇಡ. ನೀವಿಬ್ರು ಆಡ್ರಿ," ಅಂದ. ಇನ್ನೊಮ್ಮೆ ಕರೆದರೆ ಹೋಗುವುದು ಅಂತ ಅವನ ಮನಸ್ಸಿನಲ್ಲಿತ್ತು. ಅವಳು ಇನ್ನೊಮ್ಮೆ ಕರೆಯಲಿಲ್ಲ. ಬೇಡ ಅಂದವರನ್ನು ಬಲವಂತ ಮಾಡಬಾರದು ಅಂದುಕೊಂಡು ಹೊರಟುಹೋದಳು.

ಹೊತ್ತು ನೆತ್ತಿಗೆ ಬಂದಾಗ ಸುಬ್ರಾಯನ ದೋಣಿ ಬಂತು. ಆಗಷ್ಟೇ ಬುತ್ತಿ ಬಿಚ್ಚಿದ್ದರು. ಸುಬ್ರಾಯ ನೀರಲ್ಲೇ ನಿಂತು, ಯಾರನ್ನೂ ನೋಡದೆ, "ಗಾಳಿ ಏಳ್ತದಂತೆ, ಹೊರಡ್ಬೇಕು," ಅಂದ.

ಐನೋ ಎದ್ದು ನಿಂತು ಆಕಾಶ ನೋಡಿದಳು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಹೊರಡ್ರಿ, ಹೊರಡ್ರಿ," ಅಂದ ಪ್ರಸಾದ, ಚೀಲ ಕಟ್ಟುತ್ತ. "ಸಮುದ್ರದ ವಿಷಯ, ಹುಡುಗಾಟ ಅಲ್ಲ."

"ನಾನು ಬರುವುದಿಲ್ಲ," ಅಂದಳು ಐನೋ. "ನನಗೆ ಗಾಳಿಯ ಭಯ ಇಲ್ಲ. ಇಲ್ಲಿ ಒಂದು ಗುಡಿಸಲು ಇದೆ. ನೀವು ನಾಳೆ ದೋಣಿ ಕಳುಹಿಸಬಹುದು."

ಪ್ರಸಾದನಿಗೆ ಒಳಗೊಳಗೇ ಸಂತೋಷವಾಯಿತು. ಇವಳು ಉಳಿಯಲಿ, ನಾವಿಬ್ಬರು ಹೋಗೋಣ. ಹೆಂಡತಿಯ ಕಡೆ ತಿರುಗಿದ. ಅವಳು ಎದ್ದಿರಲಿಲ್ಲ.

"ನಾನೂ ಇರ್ತೀನಿ," ಅಂದಳು.

"ಏನಂದಿ?"

"ಒಬ್ಬಳನ್ನೇ ಬಿಟ್ಟು ಹೋಗೋದು ಹೆಂಗೆ ರೀ? ಗಾಳಿ ಬಂದ್ರೆ ಬರ್ಲಿ. ಇಬ್ರೂ ಇರ್ತೀವಿ. ನೀವೂ ಇರ್ರಿ, ಮೂರೂ ಜನ ಇರಣ."

"ಗಾಳಿ ಬರ್ತೈತಿ ಅಂತ ಹೇಳ್ತಾ ಇದ್ರೆ..." ಅಂತ ಪ್ರಸಾದ ದನಿ ಎತ್ತಿದ. ಅವನ ದನಿ ಏರಿದ್ದು ಕೇಳಿ ಸುಬ್ರಾಯನಿಗೆ ಇನ್ನು ತಡೆಯಲಾಗಲಿಲ್ಲ.

"ಗಾಳಿ ಗೀಳಿ ಎಂತದೂ ಇಲ್ಲ ಅಮ್ಮಾ," ಅಂದುಬಿಟ್ಟ. "ಹಾಗೆ ಹೇಳು ಅಂದ್ರು, ಹೇಳ್ದೆ. ನಂಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ."

ಸೌಂದರ್ಯ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟಳು.

"ಯಾಕೆ ರೀ?" ಅಂದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದಳು.

ಹೇಳಬಹುದಿತ್ತು. ನಾನೂ ಕೈ ಚಾಚಿದ್ದೆ, ನೀನು ನೋಡಲಿಲ್ಲ ಅಂತ ಹೇಳಬಹುದಿತ್ತು. ಐನೋ ಎದುರಿಗೆ, ದೋಣಿಯವನ ಎದುರಿಗೆ, ಅಷ್ಟು ಸಣ್ಣ ಮಾತನ್ನು ಹೇಗೆ ಹೇಳುವುದು? "ನಿಮ್ಮ ನಿಮ್ಮ ಆಟ ನೀವೇ ಆಡ್ರಿ," ಅಂದು ನೀರಿಗಿಳಿದು ದೋಣಿ ಹತ್ತಿ ಕೂತ. "ನಡಿ," ಅಂದ ಸುಬ್ರಾಯನಿಗೆ. ಸುಬ್ರಾಯ ಹಿಂದೆ ಮುಂದೆ ನೋಡಿದ. "ನಡಿ ಅಂದ್ನಲ್ಲ!"

ದೋಣಿ ತಿರುಗಿತು. ಅವಳು ಕೂಗಿ ಕರೆಯುತ್ತಾಳೆ ಅಂತ ಕಾದ. ಕರೆದಳೋ ಇಲ್ಲವೋ, ಇಂಜಿನ್ನಿನ ಸಪ್ಪಳದಲ್ಲಿ ಕೇಳಲಿಲ್ಲ.

ದಡ ಮುಟ್ಟಿದಾಗ ಸುಬ್ರಾಯ, "ಸಂಜಿಗೆ ನಾ ಬರ್ಬೇಕಾ?" ಅಂದ. ಪ್ರಸಾದ ಉತ್ತರ ಕೊಡದೆ ನಡೆದ. ಸಿಟ್ಟಿನ ಭರದಲ್ಲಿ ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಕಾಫಿ ಕುಡಿದ. ಇನ್ನೊಂದು ಕುಡಿದ. ವ್ಯಾನು ಹತ್ತಿ ಶಿಕಾರಿಪುರಕ್ಕೆ ಹೋಗಿಬಿಡೋಣ ಅನ್ನಿಸಿತು. ಕೀಲಿ ತಿರುಗಿಸಿ, ಮತ್ತೆ ಆರಿಸಿದ. ಅಲ್ಲಿ ಈಗ ಅವರು ತನ್ನ ಬಗ್ಗೆ ಏನು ಮಾತಾಡುತ್ತಿರಬಹುದು? ನಗುತ್ತಿರಬಹುದೇ? ಅವಳು ಆ ಹುಡುಗಿಗೆ ಅವನ ಎಲ್ಲ ವಿಷಯ ಹೇಳುತ್ತಿರಬಹುದು. ಹಾಗೆ ಯೋಚಿಸುತ್ತ ಯೋಚಿಸುತ್ತ ಹೊಟ್ಟೆಯೊಳಗೆ ನಿಜವಾಗಿಯೂ ಕೆಂಡ ಇಟ್ಟ ಹಾಗಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಕೆಂಡದ ಮೇಲೆ ಬೂದಿ ಕೂತು, ಅದರಡಿಯಿಂದ ಹೆದರಿಕೆ ಎದ್ದಿತು. ಕತ್ತಲಾಗುತ್ತದೆ. ಅಲ್ಲಿ ಇಬ್ಬರು ಹೆಂಗಸರು. ಓಡುತ್ತ ಬಂದರಿಗೆ ಬಂದ.

ಸುಬ್ರಾಯನ ದೋಣಿ ಇರಲಿಲ್ಲ. ಅವನ ಮನೆ ಕೇಳಿಕೊಂಡು ಹೋದರೆ ಹೆಂಡತಿ ಬಾಗಿಲಿಗೆ ಬಂದಳು.

"ನಿಮ್ದು ಮುಗೀತು ಅಂದ್ಕಂಡು ಅವ್ರು ಮೀನಿಗೆ ಹೋದ್ರಲ್ಲ. ಇನ್ನು ಬರೋದು ಬೆಳಿಗ್ಗೆಗೇ. ನೀವು ಸಂಜೆಗೆ ಬಾ ಅಂತ ಹೇಳ್ಲೇ ಇಲ್ಲಂತೆ."

ಪ್ರಸಾದ ದಂಡೆಯ ಮೇಲಿದ್ದ ಎಲ್ಲರನ್ನೂ ಕೇಳಿದ. ಬಲೆ ಸರಿಮಾಡುತ್ತಿದ್ದ ಮುದುಕನೊಬ್ಬ ತಲೆಯೆತ್ತದೆ ಹೇಳಿದ: "ಈಗ ನೀರು ಇಳಿದದೆ. ಅಳಿವೆ ಬಾಯಲ್ಲಿ ಮರಳು ಮೇಲೆ ಬಂದದೆ. ಕತ್ತಲೆಗೆ ಯಾರೂ ದೋಣಿ ತೆಗೀಲಿಕ್ಕಿಲ್ಲ. ಬೆಳಿಗ್ಗೆ ನೀರೇರಿದ ಮೇಲೆ ನೋಡುವ." ಪ್ರಸಾದನ ಮುಖ ನೋಡಿ ಮತ್ತೆ ಅಂದ, "ಅಲ್ಲಿ ಸಿಹಿನೀರಿನ ಬಾವಿ ಇದೆ. ನಾವೂ ಗಾಳಿ ಬಂದ್ರೆ ಅಲ್ಲೇ ಉಳೀತೇವೆ. ಹೆದರ್ಬೇಡಿ."

ಕತ್ತಲಾಗುತ್ತಿದ್ದ ಹಾಗೆ ಸಮುದ್ರದ ಆಚೆ, ನಡುಗಡ್ಡೆ ಇರುವ ಕಡೆ, ಒಂದು ಕಿಡಿ ಹೊತ್ತಿತು. ಬೆಂಕಿ ಹಾಕಿಕೊಂಡಿದ್ದಾರೆ. ಬದುಕಿದ್ದಾರೆ ಅಂತ ಪ್ರಸಾದನ ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ, ನಾಚಿಕೆಯಿಲ್ಲದ ಹಾಗೆ, ಇನ್ನೊಂದು ಯೋಚನೆ ಬಂತು: ಆ ಬೆಂಕಿಯ ಪಕ್ಕ ಇಬ್ಬರೇ ಕೂತಿದ್ದಾರೆ. ನಾನೂ ಇರಬಹುದಿತ್ತು. ಮೂರೂ ಜನ ಇರಣ ಅಂದಿದ್ದಳು.

ಬೆಳಿಗ್ಗೆ ಬೇರೊಬ್ಬರ ದೋಣಿ ಹಿಡಿದು ಹೋದ. ಅಳುತ್ತ ಕೂತಿರುತ್ತಾರೆ, ನನ್ನನ್ನು ಕಂಡ ಕೂಡಲೇ ಓಡಿ ಬರುತ್ತಾಳೆ ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದ. ಅವರು ಗುಡಿಸಲ ಮುಂದೆ ಕೂತು ಕಾಯಿ ಒಡೆದು ತಿನ್ನುತ್ತಿದ್ದರು. ಐನೋಳ ದಪ್ಪ ಅಂಗಿ ಸೌಂದರ್ಯಳ ಮೈಮೇಲಿತ್ತು. ಅವಳು ಎದ್ದು ನಿಧಾನವಾಗಿ ನೀರಿನ ಅಂಚಿಗೆ ಬಂದಳು. ಕಣ್ಣು ಕೆಂಪಾಗಿದ್ದವು, ಆದರೆ ಮುಖ ಅವನು ಎಂದೂ ಕಾಣದಷ್ಟು ತಿಳಿಯಾಗಿತ್ತು.

"ಬೇಕಂತಲೇ ಬಿಟ್ಟು ಹೋದ್ರಾ?" ಅಂದಳು.

"ಇಲ್ಲ. ಸಿಟ್ಟಿಗೆ ಹೋದೆ. ಸಂಜಿಗೆ ದೋಣಿ ಸಿಗ್ಲಿಲ್ಲ. ತಪ್ಪು ನಂದೇ, ಅವನಿಗೆ ಬಾ ಅಂತ ಹೇಳಿರಲಿಲ್ಲ."

"ನಾನು ಹೊತ್ತು ಮುಳುಗೋ ತನಕ ಈ ಕಲ್ಲಿನ ಮೇಲೆ ನಿಂತಿದ್ದೆ. ಎಷ್ಟು ದೋಣಿ ಹೋದವು, ಒಂದೊಂದಕ್ಕೂ ಇದೇ ಇರಬೇಕು, ಇದೇ ಇರಬೇಕು ಅಂತ. ಗಂಡ ಬಿಟ್ಟು ಹೋದ ಅಂದ್ಕೊಂಡೆ. ಅಮ್ಮನ ಮನೇಲಿ ಏನು ಹೇಳ್ಲಿ ಅಂತ ಯೋಚನೆ ಮಾಡ್ತಿದ್ದೆ."

"ಆಮೇಲೆ?"

"ಆಮೇಲೆ ಯೋಚನೆ ಬಿಟ್ಟೆ," ಅಂದು ಅವಳು ದೋಣಿ ಹತ್ತಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ.

ವಾಪಸ್ಸು ಬರುವಾಗ ಸೊರಬದಲ್ಲಿ ಈಶ್ವರಮ್ಮನ ಮನೆ ಮುಂದೆ ನಿಂತಾಗ ಸೌಂದರ್ಯ ಚೀಲ ಎತ್ತಿಕೊಂಡಳು. "ಇಲ್ಲಿ ಕಣದ ಕೆಲಸ ನಡೀತಿದೆ, ಹಾಡೋರೆಲ್ಲ ಸೇರ್ತಾರೆ. ಐನೋ ಕೆಲಸ ಮುಗಿಯೋ ತನಕ ಇಲ್ಲೇ ಇರ್ತೀನಿ. ಅತ್ತೆಗೆ ಹೇಳ್ರಿ." ಕೇಳಿದ್ದಲ್ಲ, ಹೇಳಿದ್ದು. ಅವನು ಹೂಂ ಅಂದ.

ಶಿಕಾರಿಪುರದ ಮನೆಯಲ್ಲಿ ಮಹಡಿ ಖಾಲಿ, ಅಡಿಗೆಮನೆಯಲ್ಲಿ ತಾಯಿ ಒಬ್ಬಳೇ. ಮೊದಲ ದಿನಗಳಲ್ಲಿ, "ಹಾಡು ಬರ್ಕೋಳಾಕ ಉಳಿದಾರೆ," ಅಂತ ತಾಯಿಗೆ ಹೇಳಿದ. ಒಂದು ದಿನ ಅವನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕಲಸುತ್ತಲೇ ಕೂತಿದ್ದಾಗ ಬಸವಣ್ಣೆಮ್ಮ ಎದುರಿಗೆ ಬಂದು ಕೂತಳು.

"ಏನು ಮಾಡ್ದಿ ಹೇಳು."

ಹೇಳಿದ. ಕೈ ಚಾಚಿದ್ದು, ಸುಳ್ಳು ಹೇಳಿಸಿದ್ದು, ಬಿಟ್ಟು ಬಂದಿದ್ದು, ಎಲ್ಲ. ತಾಯಿ ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಮಜ್ಜಿಗೆ ಪಾತ್ರೆಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ಕೂತಳು.

"ನಿಮ್ಮಪ್ಪಗೂ ಹಿಂಗೇ ಇತ್ತು," ಅಂದಳು. "ತಾಳಗುಂದದಾಗ ನಮ್ಮಕ್ಕ ಇದ್ದಳಲ್ಲ, ಅವಳ ಜೊತಿ ನಾನು ಮಾತಾಡ್ಕೊಂತ ಕೂತ್ರೆ ನಿಮ್ಮಪ್ಪನ ಮುಖ ಇಷ್ಟು ದಪ್ಪ ಆಗ್ತಿತ್ತು. ಬೈತಿರಲಿಲ್ಲ, ಹೊಡೀತಿರಲಿಲ್ಲ. ಊಟ ಬಿಡ್ತಿದ್ರು. ಮನೆಯಾಗ ಶಾಂತಿ ಇರ್ಲಿ ಅಂತ ನಾನು ಹೋಗೋದು ಕಡಿಮೆ ಮಾಡ್ದೆ. ಆಮೇಲೆ ಬಿಟ್ಟೇ ಬಿಟ್ಟೆ. ಅಕ್ಕ ತೀರ್ಕೊಂಡಾಗ ಮಣ್ಣಿಗೆ ಹೋದೆ. ಎಷ್ಟು ಮಾತು ಉಳಿದಿದ್ವು ಗೊತ್ತೇನು? ನಿಮ್ಮಪ್ಪ ಒಳ್ಳೇ ಮನುಷ್ಯ. ಆದ್ರೆ ಅದನ್ನ ನಾನು ಅವರಿಗೆ ಮಾಫ್ ಮಾಡ್ಲಿಲ್ಲ. ಅವರಿಗದು ಗೊತ್ತಾಗಲೂ ಇಲ್ಲ."

ಪ್ರಸಾದ ತಂದೆಯ ಫೋಟೋ ಕಡೆ ನೋಡಲು ಹೋಗಿ, ನೋಡದೆ ಕೈ ತೊಳೆದ.

ಮರುದಿನ ಅಂಗಡಿಗೆ ಬಾಗಿಲು ಹಾಕಿ ಸೊರಬಕ್ಕೆ ಹೋದ. ಈಶ್ವರಮ್ಮನ ಮನೆಯ ಹಿಂದಿನ ಕಣದಲ್ಲಿ ಐನೋ ಒಬ್ಬಳೇ ಹುಲ್ಲಿನ ಬಣವೆಗೆ ಒರಗಿ ಕೂತಿದ್ದಳು. ಅವಳ ಚೀಲಗಳು ಕಟ್ಟಿ ಸಿದ್ಧವಾಗಿದ್ದವು. ಅವತ್ತೇ ಮೈಸೂರಿಗೆ ಹೊರಡುವವಳಿದ್ದಳು. ಸೌಂದರ್ಯ ಒಳಗೆ ಅವಳಿಗೆ ಬುತ್ತಿ ಕಟ್ಟುತ್ತಿದ್ದಳು.

"ಕುಳಿತುಕೊಳ್ಳಿ," ಅಂದಳು ಐನೋ. ಅವನು ಕೂತ.

"ನಾನು ನಿಮಗೆ ಬಹಳ ತೊಂದರೆ ಕೊಟ್ಟೆ," ಅಂದ.

"ಹೌದು. ರಾತ್ರಿ ಬಹಳ ಚಳಿ ಇತ್ತು." ಅವಳು ನಗಲಿಲ್ಲ. "ಸೌಂದರ್ಯ ನನಗೆ ಒಂದು ಪದ ಕಲಿಸಿದಳು. ಹೊಟ್ಟೆಕಿಚ್ಚು. ನನಗೆ ಮೊದಲು ರೋಗದ ಹೆಸರು ಎಂದು ಅನಿಸಿತು."

ಪ್ರಸಾದ ಹುಲ್ಲಿನ ಕಡ್ಡಿಯೊಂದನ್ನು ಮುರಿಯುತ್ತ ತಲೆ ತಗ್ಗಿಸಿದ.

"ನಿಮಗೆ ನನ್ನ ಮೇಲೆ ಅದು ಇದೆ," ಅಂದಳು ಐನೋ. "ನನಗೆ ಗೊತ್ತು. ಆದರೆ ನನಗೂ ನಿಮ್ಮ ಮೇಲೆ ಇದೆ. ನಾನು ನನ್ನ ಊರಿನಲ್ಲಿ ಯಾರ ಜೊತೆಗೂ ಹೀಗೆ ನಕ್ಕಿಲ್ಲ. ನಾನು ಇವತ್ತು ಬಸ್ಸು ಹತ್ತುತ್ತೇನೆ. ನೀವು ಅವಳ ಜೊತೆ ನಾಳೆಯೂ ಇರುತ್ತೀರಿ, ನಾಡಿದ್ದೂ ಇರುತ್ತೀರಿ. ಮುದುಕರಾಗುವ ತನಕ ಇರುತ್ತೀರಿ. ಇಷ್ಟೆಲ್ಲ ಇಟ್ಟುಕೊಂಡು ನೀವು ತೆಂಗಿನ ಮರದ ಕೆಳಗೆ ಚೀಲ ಕಾಯುತ್ತ ಕುಳಿತಿದ್ದಿರಿ. ನನಗೆ ನಿಮ್ಮನ್ನು ಹೊಡೆಯಬೇಕು ಎನಿಸಿತು."

ತನ್ನ ಬಗ್ಗೆ ಯಾರಾದರೂ ಹೊಟ್ಟೆಕಿಚ್ಚು ಪಡಬಹುದು ಅಂತ ಅವನು ಕನಸಲ್ಲೂ ಅಂದುಕೊಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಸೌಂದರ್ಯ ಬುತ್ತಿ ಹಿಡಿದು ಬಂದಳು. ಗಂಡನನ್ನು ನೋಡಿ ನಿಂತಳು.

"ಬಸ್ಸಿಗೆ ಹೊತ್ತಾಯ್ತು," ಅಂದಳು. "ಚೀಲ ತಗೊಳ್ರಿ."

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಅಡಿಕೆ ಮೂಟೆಗಳ ನಡುವೆ ಇಬ್ಬರೂ ತಬ್ಬಿಕೊಂಡು ಅತ್ತರು. ಜನ ನಿಂತು ನೋಡಿದರು. ಚೀಲ ಹಿಡಿದು ನಿಂತ ಪ್ರಸಾದನಿಗೆ, ನಾನು ಊರಿಗೆ ಹೊರಟರೆ ಇವಳು ಹೀಗೆ ಅಳುವುದಿಲ್ಲವಲ್ಲ ಅನ್ನಿಸಿತು. ಅನ್ನಿಸಿದ್ದನ್ನು ತಡೆಯಲು ಹೋಗಲಿಲ್ಲ. ಚೀಲವನ್ನು ಒಳಗೆ ಸೀಟಿನ ಮೇಲಿಟ್ಟು ಕೆಳಗಿಳಿದು, ಬಸ್ಸು ತಿರುವು ದಾಟಿ ಮರೆಯಾಗುವವರೆಗೆ ಹೆಂಡತಿಯ ಜೊತೆ ನಿಂತ.

ಶಿರಾಳಕೊಪ್ಪದ ರಸ್ತೆಯಲ್ಲಿ ಬಹಳ ದೂರ ಬಂದ ಮೇಲೆ ಕೇಳಿದ: "ಆ ರಾತ್ರಿ ಅಲ್ಲಿ ಏನು ಮಾತಾಡಿದ್ರಿ?"

ಸೌಂದರ್ಯ ಹೊರಗೆ ಕೊಯ್ದ ಗದ್ದೆಗಳನ್ನು ನೋಡುತ್ತಿದ್ದಳು. "ಅದು ನಂದು ರೀ. ಹೇಳಲ್ಲ."

"ಹೊಟ್ಟೆ ಉರೀತೈತಿ."

"ಗೊತ್ತು."

"ಬರೋ ಸಲ ಸಿಟ್ಟು ಮಾಡ್ಕೊಳ್ಳಲ್ಲ ಅಂತ ಹೇಳಾಕ ಆಗಲ್ಲ. ಆದ್ರೆ ಬಾಯಿಬಿಟ್ಟು ಹೇಳ್ತೀನಿ. ಬಿಟ್ಟು ಹೋಗಲ್ಲ."

ಅವಳು ಗದ್ದೆಗಳಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. "ಬಿಟ್ಟು ಹೋದ್ರೆ ನಾನು ಸಂಜೆ ತನಕ ನಿಂತು ಕಾಯಲ್ಲ," ಅಂದಳು. ಅದು ಬೆದರಿಕೆಯೋ ನಗೆಯೋ ಅವನಿಗೆ ಗೊತ್ತಾಗಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಅಂಗಡಿಯ ಫೋನಿಗೆ ದೂರದ ಕರೆ ಬಂತು. ಆ ಕಡೆ ಐನೋ. ಒಂದು ಗಳಿಗೆ ಪ್ರಸಾದನಿಗೆ, ಲೈನ್ ಸರಿ ಇಲ್ಲ ಅಂತ ಇಟ್ಟುಬಿಡಬಹುದು ಅನ್ನಿಸಿತು. "ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡ್ರಿ, ಕರ್ಕೊಂಡು ಬರ್ತೀನಿ," ಅಂದು ಮಳೆಯಲ್ಲೇ ಮನೆಗೆ ಹೋಗಿ ಹೆಂಡತಿಯನ್ನು ಕರೆತಂದ. ಸೌಂದರ್ಯ ಅವನ ಕುರ್ಚಿಯಲ್ಲಿ ಕೂತು ಮಾತಾಡಿದಳು, ನಕ್ಕಳು, ಯಾವುದೋ ಮಾತಿಗೆ ಮೇಜು ತಟ್ಟಿದಳು. ಅವನು ಯೂರಿಯಾ ಚೀಲಗಳ ಪಕ್ಕ ಹೊರಗೆ ನಿಂತಿದ್ದ. ಹೊಟ್ಟೆಯೊಳಗೆ ಎಂದಿನದೇ ಉರಿ.

ಮೆಕ್ಕೆಜೋಳದ ಬೀಜಕ್ಕೆ ಬಂದ ಸಣ್ಣಪ್ಪ ಕೊಡೆ ಮಡಚುತ್ತ ಒಳಗೆ ಇಣುಕಿದ. "ಯಾರ ಜೊತಿ ಅಷ್ಟು ನಗಾಕತ್ತಾರ್ರೀ ಅವ್ವಾರು?"

"ಅವಳ ಗೆಳತಿ," ಅಂದ ಪ್ರಸಾದ. "ಪರದೇಶದಿಂದ ಮಾತಾಡಾಕತ್ತಾಳೆ. ಕೂತ್ಕೋರಿ, ಮುಗೀಲಿ. ಬೀಜ ಆಮೇಲೆ ಕೊಡ್ತೀನಿ."